ಸ್ವಾತಿ ನಕ್ಷತ್ರ ಕಿತ್ತಳೆ ಬಣ್ಣದಲ್ಲಿ ಕಾಣುವುದು ಯಾಕೆ?

ಅದರ ಹೊರಮೈ ಸೂರ್ಯನಿಗಿಂತ ತಣ್ಣಗಿದೆ, ಅದಕ್ಕೇ. ಸೂರ್ಯನದು ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಸ್ವಾತಿಯದು ಸುಮಾರು 4,000. ಬೆಳ್ಳಗೆ ಕಾದ ಕಬ್ಬಿಣ ಆರುತ್ತಾ ಕಿತ್ತಳೆಗೆ, ಆಮೇಲೆ ಕೆಂಪಿಗೆ ತಿರುಗುತ್ತದೆ ಅಲ್ವಾ? ಹಾಗೇ ಇದೂ.

ತಣ್ಣಗಿದ್ದೂ ಅಷ್ಟು ಹೊಳೆಯುವುದು ಗಾತ್ರದಿಂದ. ನಡುವಿನ ಹೈಡ್ರೋಜನ್ ಮುಗಿದಾಗ ಒಳತಿರುಳು ಕುಗ್ಗಿ ಇನ್ನೂ ಜಾಸ್ತಿ ಕಾಯಿತು. ಹೊರಪದರಗಳು ಉಬ್ಬಿ, ಉಬ್ಬಿದ್ದರಿಂದಲೇ ತಣ್ಣಗಾದವು. ಈಗ ಅಗಲ ಸೂರ್ಯನ ಸುಮಾರು 25 ಪಟ್ಟು, ತೂಕ ಮಾತ್ರ ಹೆಚ್ಚುಕಮ್ಮಿ ಸೂರ್ಯನಷ್ಟೇ! ದೂರ ಸುಮಾರು 37 ಜ್ಯೋತಿರ್ವರ್ಷ.

ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೇ ಮುಂದಕ್ಕೆ ಎಳೆದರೆ ಸಿಗುತ್ತದೆ. ಬಣ್ಣ ನೋಡಬೇಕಾದರೆ ಅದು ಮೇಲೇರುವ ತನಕ ಕಾಯಿರಿ. ದಿಗಂತದ ಹತ್ತಿರ ಬಿಳಿ ನಕ್ಷತ್ರವೂ ಕೆಂಪಗೆ ಕಾಣಬಹುದು.