ಕಾರ್ಬನ್ ದೋಟಿಯ ಪುಡಿ, ಕೊಟ್ಟಿಗೆಯ ಕಲ್ನಾರು ಶೀಟು

ಪ್ರಶ್ನೆ: ಅಡಿಕೆ ಕೊನೆ ತೆಗೆಯಲಿಕ್ಕೂ ಕೊಳೆರೋಗದ ಔಷಧಿ ಹೊಡೆಯಲಿಕ್ಕೂ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಇಟ್ಟುಕೊಂಡಿದ್ದೇವೆ. ಒಂದು ಪೈಪಿನ ತುದಿ ಸೀಳಿತೆಂದು ಗ್ರೈಂಡರಿನಲ್ಲಿ ಕತ್ತರಿಸಿದೆವು. ಕಪ್ಪು ಪುಡಿ ಕೂತು ಕೈಯೆಲ್ಲ ತುರಿಕೆ. ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸೂಕ್ಷ್ಮ ಕೊಳವೆ) ಕಲ್ನಾರಿನ (ಆಸ್ಬೆಸ್ಟಾಸ್) ಹಾಗೆ ಕ್ಯಾನ್ಸರ್ ತರುತ್ತದೆಂದು ಓದಿದೆ. ಇದೂ ಅದೇನಾ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಲ್ಲ. ಎರಡರಲ್ಲೂ ಇಂಗಾಲವೇ ಇದ್ದರೂ ಅಳತೆ ಬೇರೆ, ನಾರಿನ ವಿಷಯದಲ್ಲಿ ಅಳತೆಯೇ ಮುಖ್ಯ. 3 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೆಳುವಾದ ಎಳೆ ಉಸಿರಿನೊಂದಿಗೆ ಶ್ವಾಸಕೋಶದ ತಳಕ್ಕೆ ಇಳಿಯಬಲ್ಲದು. ಅಲ್ಲಿ ಧೂಳನ್ನು ನುಂಗಿ ಹೊರಹಾಕುವ ಕೋಶಗಳಿವೆ. ಎಳೆ ಗಡುಸಾಗಿ 15–20 ಮೈಕ್ರಾನಿಗಿಂತ ಉದ್ದವಿದ್ದರೆ ಅವಕ್ಕೆ ಪೂರ್ತಿ ನುಂಗಲಾಗುವುದಿಲ್ಲ. ಅರ್ಧಕ್ಕೆ ಸಿಕ್ಕಿಕೊಂಡು ಸುತ್ತಲ ಅಂಗಾಂಶಕ್ಕೆ ಉರಿಯೂತ ಹಬ್ಬಿಸುತ್ತಲೇ ಇರುತ್ತವೆ. ಕಲ್ನಾರು ಕರಗುವುದೂ ಇಲ್ಲ. ಹಾಗಾಗಿಯೇ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್ 20ರಿಂದ 50 ವರ್ಷ ಕಳೆದ ಮೇಲೂ ಕಾಣಿಸಿಕೊಳ್ಳುತ್ತದೆ.

ದೋಟಿಯ ಎಳೆ ಸುಮಾರು 5ರಿಂದ 8 ಮೈಕ್ರಾನ್ ದಪ್ಪ. ಕಲ್ನಾರು ಉದ್ದಕ್ಕೆ ಸೀಳುತ್ತಾ ಇನ್ನೂ ತೆಳುವಾಗುತ್ತದೆ. ಕಾರ್ಬನ್ ಎಳೆ ಹಂಚಿಕಡ್ಡಿಯಂತೆ ಅಡ್ಡಕ್ಕೆ ಮುರಿಯುತ್ತದೆ, ದಪ್ಪ ಬಹುಪಾಲು ಹಾಗೇ ಉಳಿಯುತ್ತದೆ. ನಿಮ್ಮ ತುರಿಕೆ ಈ ದಪ್ಪ ತುಣುಕುಗಳು ಚರ್ಮಕ್ಕೆ ಚುಚ್ಚಿದ್ದರಿಂದ. ಉಜ್ಜಬೇಡಿ; ಅಂಟುಟೇಪು ಒತ್ತಿ ಕಿತ್ತು, ತಣ್ಣೀರಿನಲ್ಲಿ ತೊಳೆಯಿರಿ.

ನ್ಯಾನೊಟ್ಯೂಬಿನ ಮಾತು ಸುಳ್ಳಲ್ಲ. ಉದ್ದನೆಯ, ನೆಟ್ಟಗಿನ ನ್ಯಾನೊಟ್ಯೂಬುಗಳನ್ನು ಇಲಿಗಳ ಹೊಟ್ಟೆಯೊಳಕ್ಕೆ ಚುಚ್ಚಿದಾಗ ಕಲ್ನಾರಿನಂಥದೇ ಉರಿಯೂತ ಕಂಡಿದ್ದು 2008ರಲ್ಲಿ. ಗಿಡ್ಡ, ಸಿಕ್ಕುಸಿಕ್ಕಾದವು ಹಾಗೆ ಮಾಡಲಿಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಎಂಡಬ್ಲ್ಯುಸಿಎನ್‌ಟಿ-7 ಎಂಬ ಒಂದು ಬಗೆಯನ್ನು ಮಾತ್ರ 2ಬಿ ಗುಂಪಿಗೆ, ಅಂದರೆ ‘ಕ್ಯಾನ್ಸರ್ ತರಬಹುದಾದದ್ದು’ ಎಂದು ಸೇರಿಸಿತು. ಉಳಿದವು 3ನೇ ಗುಂಪಿನಲ್ಲಿವೆ. ಹಾಗೆಂದರೆ ಪುರಾವೆ ಸಾಲದು ಎಂದರ್ಥ, ನಿರಪಾಯ ಎಂದಲ್ಲ.

ಆದರೂ ಗ್ರೈಂಡರ್ ಬೇಡವೇ ಬೇಡ, ಅದು ನಾರನ್ನೂ ಎಳೆಗಳನ್ನು ಹಿಡಿದಿಟ್ಟಿರುವ ಅಂಟನ್ನೂ ನುಣ್ಣಗೆ ಪುಡಿಮಾಡಿ ಗಾಳಿಗೆ ಎರಚುತ್ತದೆ. ಕೊಯ್ಯುವಲ್ಲಿ ಟೇಪು ಸುತ್ತಿ, ನೀರು ಚಿಮುಕಿಸುತ್ತಾ ಸಣ್ಣ ಹಲ್ಲಿನ ಹ್ಯಾಕ್ಸಾದಲ್ಲಿ ಕೊಯ್ಯಿರಿ. ಅಂಚನ್ನು 320 ನಂಬರಿನ ವಾಟರ್ ಪೇಪರಿನಲ್ಲಿ ಒದ್ದೆಯಾಗಿಯೇ ತಿಕ್ಕಿ. ಎನ್95 ಮಾಸ್ಕ್, ಕನ್ನಡಕ, ಕೈಗವಸು ಇರಲಿ. ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ತುಂಡನ್ನು ಒಲೆಗೆ ಹಾಕಬೇಡಿ: ಅಂಟು ಸುಟ್ಟು ಎಳೆ ಬಿಡಿಯಾಗುತ್ತದೆ, ಜೋರು ಬೆಂಕಿಯಲ್ಲಿ ತೆಳುವೂ ಆಗುತ್ತದೆ.

ಕೇಳದಿದ್ದರೂ ಹೇಳಲೇಬೇಕು: ಕಾರ್ಬನ್ ದೋಟಿಯಲ್ಲಿ ಕರೆಂಟು ಹರಿಯುತ್ತದೆ. ತೋಟದ ಮೇಲೆ ಲೈನ್ ಹಾದಿದ್ದರೆ ಆ ಸಾಲಿನಲ್ಲಿ ದೋಟಿ ಎತ್ತಲೇಬೇಡಿ. ಪುಡಿಗಿಂತ ಈ ಅಪಾಯ ಬಹಳ ದೊಡ್ಡದು.

ಪ್ರಶ್ನೆ: ಕೊಟ್ಟಿಗೆಯ ಹಳೆ ಸಿಮೆಂಟ್ ಶೀಟಿಗೆ ಹಾವಸೆ ಕಟ್ಟಿದೆ. ಮಳೆಗಾಲಕ್ಕೆ ಮುಂಚೆ ತಂತಿ ಬ್ರಷ್ಷಿನಲ್ಲಿ ಕೆರೆಯಬಹುದೇ?
– ಓದುಗರು, ಹೊಸನಗರ

ಉತ್ತರ: ಕೆರೆಯಬೇಡಿ. ಹಳೆ ಶೀಟಿನಲ್ಲಿರುವುದು ನಿಜವಾದ ಕಲ್ನಾರು, ಅದೇ ಸಂಸ್ಥೆಯ 1ನೇ ಗುಂಪಿನ, ಅಂದರೆ ಖಚಿತ ಕ್ಯಾನ್ಸರ್‌ಕಾರಕ. ಸಿಮೆಂಟಿನೊಳಗೆ ಹಿಡಿದಿರುವಷ್ಟು ದಿನ ಅದು ಗಾಳಿಗೆ ಬರುವುದಿಲ್ಲ. ಮಲೆನಾಡಿನ ಮಳೆಗೆ ಸವೆದ ಮೇಲ್ಮೈಯಲ್ಲಿ ಎಳೆ ಮೊದಲೇ ಸಡಿಲವಾಗಿರುತ್ತದೆ, ತಂತಿ ಬ್ರಷ್ ಅದನ್ನು ಕಿತ್ತು ಹಾರಿಸುತ್ತದೆ. ಪ್ರೆಶರ್ ವಾಷರೂ ಬೇಡ. ಸೋರದಿದ್ದರೆ ಹಾವಸೆ ಇರಲಿ ಬಿಡಿ. ಬದಲಿಸುವುದಾದರೆ ಚೆನ್ನಾಗಿ ನೆನೆಸಿ, ಬೋಲ್ಟ್ ಬಿಚ್ಚಿ, ಮುರಿಯದೆ ಇಡಿಯಾಗಿ ಇಳಿಸಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ. ಹಳೆ ಶೀಟಿನ ಮೇಲೆ ಕಾಲಿಡಬೇಡಿ, ಮುರಿದು ಬೀಳುತ್ತೀರಿ. ಒಡೆದ ಚೂರುಗಳನ್ನು ತೋಟದ ದಾರಿಗೆ ಹಾಸುವ ರೂಢಿಯನ್ನು ದಯವಿಟ್ಟು ಬಿಡಿ: ಗಾಡಿ ಹತ್ತಿದಷ್ಟೂ ಅದು ಪುಡಿಯಾಗುತ್ತದೆ.