ಮುಂಬೈ-ಮಂಗಳೂರು ಫ್ಲೈಟಲ್ಲಿ ಎರಡು ಗಂಟೆ ಬೆಂದುಹೋದ ಬಿಪಿ ಇರೋ ಅಮ್ಮ, ಮುಂದಿನ ಸಲ ಏನು ಮಾಡಬೇಕು

ನೆಲದ ಮೇಲೆ ನಿಂತ ವಿಮಾನದಲ್ಲಿ ಎಸಿ ಇಲ್ಲದೆ ನಿಮ್ಮಮ್ಮ ಎರಡು ಗಂಟೆ ಬೆಂದಿದ್ದಕ್ಕೆ ಕಾರಣ ಹೆಚ್ಚಾಗಿ ಎಪಿಯು ಸಮಸ್ಯೆನೇ. ಇಂಜಿನ್ ಆಫ್ ಇರುವಾಗ ಎಸಿಗೆ ಗಾಳಿ ಕೊಡೋದು ವಿಮಾನದ ಬಾಲದಲ್ಲಿರೋ ಈ ಸಣ್ಣ ಇಂಜಿನ್, ಅದು ಕೆಟ್ಟಿದ್ರೆ ಅಥವಾ ಆಫ್ ಮಾಡಿದ್ರೆ, ವಿಮಾನ ನಿಲ್ಲೋ ಜಾಗದಲ್ಲಿ ಹೊರಗಿಂದ ತಂಪುಗಾಳಿ ಪೈಪ್ ಹಾಕದಿದ್ರೆ, ಮೇ ತಿಂಗಳ ಮುಂಬೈ ಸೆಕೆಗೆ ಹತ್ತೇ ನಿಮಿಷದಲ್ಲಿ ಒಳಗೆ ಉಸಿರುಗಟ್ಟುತ್ತೆ.

ಮುಂದಿನ ಸಲ ಮೊದಲು ಕಿಟಕಿ ಶೇಡ್ ಇಳಿಸಿ, ತಲೆ ಮೇಲಿನ ಗಾಳಿ ನಾಬ್ ಪೂರ್ತಿ ತಿರುಗಿಸಿ. ಸೆಕ್ಯುರಿಟಿ ದಾಟಿದ ಮೇಲೆ ಬಾಟ್ಲಿ ತುಂಬಿಸ್ಕೊಂಡೇ ಹತ್ತಿ. ನಮ್ಮತ್ತೆಗೆ ಹಿಂಗೇ ಆದಾಗ ಕರ್ಚೀಫ್ ಒದ್ದೆ ಮಾಡಿ ಕುತ್ತಿಗೆಗೆ, ಮಣಿಕಟ್ಟಿಗೆ ಸುತ್ತಿದ್ವಿ, ಐದು ನಿಮಿಷದಲ್ಲಿ ಮುಖದ ಕೆಂಪು ಇಳೀತು.

ಆಮೇಲೆ ಕಾಲ್ ಬಟನ್ ಒತ್ತಿ. "ಸೆಕೆ ಆಗ್ತಿದೆ" ಅನ್ನಬೇಡಿ, ಎಲ್ಲರೂ ಅದನ್ನೇ ಹೇಳ್ತಿರ್ತಾರೆ. ಅಮ್ಮನ ವಯಸ್ಸು, ಬಿಪಿ, ತಲೆಸುತ್ತು ಇದ್ರೆ ಅದು, ಇಷ್ಟು ಹೇಳಿ "ಕ್ಯಾಪ್ಟನ್‌ಗೆ ತಿಳಿಸಿ, ಡಾಕ್ಟರ್ ಬೇಕು" ಅಂತ ಕೇಳಿ, ಯಾಕಂದ್ರೆ ವಿಮಾನ ವಾಪಸ್ ನಿಲ್ಲೋ ಜಾಗಕ್ಕೆ ಹೋಗೋದು, ಬಾಗಿಲು ತೆಗೆಸೋದು ಕ್ಯಾಪ್ಟನ್ ಕೈಲೇ ಇರೋದು. ಮಾತು ತೊದಲಿದ್ರೆ, ಗೊಂದಲ ಮಾಡ್ಕೊಂಡ್ರೆ ಅದು ಹೀಟ್ ಸ್ಟ್ರೋಕ್ ಇರಬಹುದು, ಒಂದು ನಿಮಿಷಾನೂ ಕಾಯಬೇಡಿ, ಸಂಕೋಚನೂ ಬೇಡ.

ಅಮೆರಿಕದಲ್ಲಿ ಡೊಮೆಸ್ಟಿಕ್ ಫ್ಲೈಟಲ್ಲಿ ಪ್ರಯಾಣಿಕರನ್ನ ನೆಲದ ಮೇಲೆ ಒಳಗೇ ಕೂರಿಸೋಕೆ 3 ಗಂಟೆ ಮಿತಿ 2010ರಿಂದ ಇದೆ. ನಮ್ಮಲ್ಲಿ 2024ರಲ್ಲಿ ಬಿಸಿಎಎಸ್ (ವಿಮಾನಯಾನ ಭದ್ರತೆ ನೋಡೋ ಕೇಂದ್ರ ಸರ್ಕಾರದ ಸಂಸ್ಥೆ) ತುಂಬಾ ತಡ ಆದ್ರೆ ಪ್ರಯಾಣಿಕರನ್ನ ಇಳಿಸಿ ಟರ್ಮಿನಲ್‌ಗೆ ವಾಪಸ್ ಕಳಿಸೋಕೆ ಅವಕಾಶ ಕೊಟ್ಟಿದೆ, ಹಾಗಾಗಿ ಸೆಕ್ಯುರಿಟಿ ನೆಪ ಹೇಳಿದ್ರೆ ಇದನ್ನ ನೆನಪಿಸಿ.

ಹೋದ ಸಲದ್ದಕ್ಕೆ ಮೊದಲು ಏರ್‌ಲೈನ್‌ಗೆ ಈಮೇಲ್ ಹಾಕಿ, ಬಾಗಿಲು ಮುಚ್ಚಿದ್ದು, ಎಸಿ ನಿಂತಿದ್ದು, ನೀರು ಕೊಟ್ಟಿದ್ದು ಎಷ್ಟೊತ್ತಿಗೆ ಅಂತ ಬರೆದು, ಬೋರ್ಡಿಂಗ್ ಪಾಸ್ ಜೊತೆಗೆ. ಸರಿ ಉತ್ತರ ಬರದಿದ್ರೆ ಅದೇ ಈಮೇಲನ್ನ ಏರ್‌ಸೇವಾದಲ್ಲಿ (ವಿಮಾನಯಾನ ಸಚಿವಾಲಯದ ದೂರು ಪೋರ್ಟಲ್) ಅಪ್‌ಲೋಡ್ ಮಾಡಿ ದೂರು ಹಾಕಿ.