ನೀರು ಇರುವುದು ಶ್ವಾಸಕೋಶದ ಒಳಗಲ್ಲ, ಹೊರಗೆ

ನಿಮ್ಮ ತಂದೆಯವರ ಬಲ ಎದೆಯಲ್ಲಿ ನೀರು ತುಂಬಿದೆ, ನಾಳೆ ಬೆನ್ನಿನಿಂದ ಸೂಜಿ ಹಾಕಿ ತೆಗೆಯುತ್ತಾರೆ, ಶ್ವಾಸಕೋಶ ತೂತಾಗುವುದಿಲ್ವಾ ಎಂದು ಕೇಳಿದ್ದೀರಿ. ನಿಮ್ಮ ಭಯ ಅರ್ಥವಾಗುತ್ತದೆ.

ಶ್ವಾಸಕೋಶದ ಸುತ್ತ ಪ್ಲೂರಾ ಎಂಬ ತೆಳು ಪೊರೆ ಇದೆ, ಎರಡು ಪದರ. ಒಂದು ಶ್ವಾಸಕೋಶಕ್ಕೇ ಅಂಟಿಕೊಂಡಿರುತ್ತದೆ. ಇನ್ನೊಂದು ಪಕ್ಕೆಲುಬಿನ ಗೋಡೆಗೆ ಒಳಗಿನಿಂದ ಅಂಟಿರುತ್ತದೆ. ನಡುವೆ ಕೆಲವೇ ಮಿಲಿಲೀಟರ್ ದ್ರವ. ಒದ್ದೆಯಾದ ಎರಡು ಗಾಜಿನ ತುಂಡು ನೋಡಿ, ಜಾರುತ್ತವೆ, ಆದರೆ ಬಿಡಿಸಲು ಕಷ್ಟ ಅಲ್ವಾ? ಹಾಗೇ ಇದು. ಎದೆಗೂಡು ಹಿಗ್ಗಿದಾಗ ಶ್ವಾಸಕೋಶವೂ ಜೊತೆಗೆ ಹಿಗ್ಗುವುದು ಇದರಿಂದಲೇ.

ನಿಮ್ಮ ತಂದೆಯವರಿಗೆ ನೀರು ಸೇರಿರುವುದು ಈ ಪದರಗಳ ನಡುವೆ. ಅದು ಶ್ವಾಸಕೋಶವನ್ನು ಒತ್ತುತ್ತದೆ, ಅದಕ್ಕೇ ಏದುಸಿರು. ಸೂಜಿ ಹೋಗಬೇಕಾದದ್ದು ಆ ನೀರಿನವರೆಗೆ ಮಾತ್ರ. ಸಾಮಾನ್ಯವಾಗಿ ಅಲ್ಟ್ರಾಸೌಂಡ್‌ನಲ್ಲಿ ಜಾಗ ನೋಡಿಕೊಂಡು, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಪಕ್ಕೆಲುಬಿನ ಮೇಲಂಚಿಗೆ ತಾಗಿಸಿ ಚುಚ್ಚುತ್ತಾರೆ. ರಕ್ತನಾಳ, ನರ ಕೆಳಅಂಚಿನಲ್ಲಿ ಸಾಗುತ್ತವೆ, ಅದಕ್ಕೆ. ಶ್ವಾಸಕೋಶಕ್ಕೆ ಸೂಜಿ ತಗುಲುವ ಅಪಾಯ ಪೂರ್ತಿ ಇಲ್ಲವೆಂದಲ್ಲ, ಆದರೆ ಕಡಿಮೆ.

ಉಸಿರೆಳೆದಾಗ ಚುಚ್ಚುವ ನೋವು ಎಂದಿರಲ್ಲ, ಅದು ಹೊರ ಪದರದ್ದು. ಶ್ವಾಸಕೋಶಕ್ಕೆ ಮತ್ತು ಒಳ ಪದರಕ್ಕೆ ಅಂಥ ನೋವು ಗೊತ್ತಾಗುವುದಿಲ್ಲ.

ತೆಗೆದ ನೀರನ್ನು ಪರೀಕ್ಷೆಗೆ ಕಳಿಸುತ್ತಾರಾ ಎಂದು ತಪ್ಪದೆ ಕೇಳಿ. ನಮ್ಮಲ್ಲಿ ಟಿಬಿಯಿಂದ ಹೀಗಾಗುವುದು ಜಾಸ್ತಿ. ನ್ಯುಮೋನಿಯಾ, ಹೃದಯದ ತೊಂದರೆ, ಕ್ಯಾನ್ಸರ್ ಕೂಡ ಕಾರಣ ಆಗಬಹುದು. ಕಾರಣ ಸಿಗದೆ ಸುಮ್ನೆ ನೀರು ತೆಗೆದರೆ ಮತ್ತೆ ತುಂಬಬಹುದು. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಇವತ್ತೇ ಡಾಕ್ಟರಿಗೆ ತಿಳಿಸಿ.